ಹಲವು ಗಣ್ಯರು

ಮನೆಗೊಂದೇ ಟಿವಿ, ಅದರ ಮುಂದೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದ ಕಾಲ ಅದು. ನಾನಾಗ ಕಾಪುವಿನಲ್ಲಿ ಆರನೇ ಕ್ಲಾಸು. ಸಂಜೆ ಏಳಕ್ಕೆ ಒಂದು ಧಾರಾವಾಹಿ ಬರುತ್ತಿತ್ತು. ಮುಚ್ಚುವ ಹಂತಕ್ಕೆ ಬಂದ ಊರ ಪತ್ರಿಕೆಯೊಂದರ ಕಥೆ. ಅದರ ಸಂಪಾದಕ ಮೇಜು ಕುಟ್ಟಿ, "ನಮಗೆ ಸುದ್ದಿ ಬೇಕು" ಎಂದು ಗುಡುಗುತ್ತಿದ್ದ. ನನ್ನ ಅಪ್ಪನೂ ಸಂಪಾದಕರೇ. ಅವರ ವಾರಪತ್ರಿಕೆಗೆ ಅವರೇ ವರದಿಗಾರ, ಅವರೇ ಪ್ಯೂನ್. ಅಂಗಿಯಲ್ಲಿ ಶಾಯಿಯ ವಾಸನೆ, ಕೈಯಲ್ಲಿ ಗೋಳಿಬಜೆಯ ಕಟ್ಟು. ಧಾರಾವಾಹಿ ಮಾತ್ರ ತಪ್ಪಿಸುತ್ತಿರಲಿಲ್ಲ.

ಅಪ್ಪನ ಪತ್ರಿಕೆಯಲ್ಲಿ ಸುದ್ದಿಗಿಂತ ಹೆಸರುಗಳೇ ಹೆಚ್ಚು. ಯಾವ ಸಭೆಯ ವರದಿಯಾದರೂ ಅಧ್ಯಕ್ಷರಿಂದ ಹಿಡಿದು ಧನ್ಯವಾದ ಹೇಳಿದವರವರೆಗೆ, ವೇದಿಕೆಯಲ್ಲಿದ್ದ ಅಷ್ಟೂ ಜನರ ಹೆಸರು ಅಚ್ಚಾಗಬೇಕು. ನಮ್ಮ ಕಡೆಯ ಕ್ರಮವೇ ಹಾಗೆ. ಶಾಲೆಯಲ್ಲಿ ಹುಡುಗಿಯರು ಅದನ್ನು ರಾಗವಾಗಿ ಓದಿ ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

"ಟಿವಿಯ ಪೇಪರಲ್ಲಿ ಹೀಗೆ ಹೆಸರು ಹಾಕುವುದೇ ಇಲ್ಲ. ನಿಮ್ಮದರಲ್ಲಿ ಮಾತ್ರ ಎಂತಕ್ಕೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅಪ್ಪ ಬಜೆ ತಿನ್ನುವುದನ್ನು ನಿಲ್ಲಿಸಿದರು. "ಹೌದಲ್ವಾ ಮಾರಾಯ್ತಿ," ಎಂದರು.

ಆ ವಾರ ಎರ್ಮಾಳಿನಲ್ಲಿ ಒಂದು ಸಭೆ. ಅಲ್ಲಿ ಕಡಲ್ಕೊರೆತದ ಬಗ್ಗೆ ಆದ ಮಾತನ್ನು ಅಪ್ಪ ಚೆನ್ನಾಗಿ ಬರೆದರು. ಇಪ್ಪತ್ತೆರಡು ಹೆಸರುಗಳ ಬದಲು "ಹಲವು ಗಣ್ಯರು ಉಪಸ್ಥಿತರಿದ್ದರು" ಎಂದು ಮುಗಿಸಿದರು.

ಓದಿದ ಅಮ್ಮ, "ನಿಮಗೆಂತ ಮರ್ಲಾ, ತಲೆ ಸರಿ ಉಂಟಾ? ದೀಪಾವಳಿಗೆ ಜಾಹೀರಾತು ಕೊಡುವವರು ಇವರೇ ಅಲ್ವಾ?" ಎಂದರು.

ಅಮ್ಮ ಹೆದರಿದ ಹಾಗೆಯೇ ಆಯಿತು. ದೀಪಾವಳಿಗೆ ಒಬ್ಬರೂ ಜಾಹೀರಾತು ಕೊಡಲಿಲ್ಲ. ಮೊದಲೇ ತೆವಳುತ್ತಿದ್ದ ಪತ್ರಿಕೆ ನಿಂತುಹೋಯಿತು. ಧಾರಾವಾಹಿಯ ಪತ್ರಿಕೆ ಕೊನೆಯ ಕಂತಿನಲ್ಲಿ ಉಳಿದುಕೊಂಡಿತು. ಅದನ್ನೂ ಅಪ್ಪ ಕೂತು ಪೂರ್ತಿ ನೋಡಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಈಗ ಅಪ್ಪ ಇಲ್ಲ. ಊರ ಸುದ್ದಿ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುತ್ತದೆ, ಸಂಜೆಗೆ ಯಾರಿಗೂ ನೆನಪಿರುವುದಿಲ್ಲ. ಕಳೆದ ತಿಂಗಳು ಎರ್ಮಾಳಿನ ಹೆಂಗಸೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು.

"ನನ್ನ ಅಪ್ಪ ಮೀನಿಗೆ ಹೋಗುತ್ತಿದ್ದವರು. ವೇದಿಕೆಯಲ್ಲಿ ಕೂತದ್ದು ಒಂದೇ ಸಲ, ಆ ಕಡಲ್ಕೊರೆತದ ಸಭೆಯಲ್ಲಿ. ನಿಮ್ಮ ಅಪ್ಪ ಹೆಸರು ಬರೆದುಕೊಂಡು ಹೋಗಿದ್ದರಂತೆ. ಆ ಪೇಪರ್ ಉಂಟಾ?"

ಒಳಗೆ ಹೋಗಿ ಹಳೆಯ ಕಟ್ಟು ಬಿಚ್ಚಿದೆ. ಸಂಚಿಕೆ ಇತ್ತು. ಹಲವು ಗಣ್ಯರಲ್ಲಿ ಆಕೆಯ ಅಪ್ಪನೂ ಒಬ್ಬರು. ಹಾಳೆಯನ್ನು ಮೊದಲಿನಂತೆ ಮಡಚಿಟ್ಟು ಹೊರಗೆ ಬಂದೆ.

"ಅದೊಂದು ಮಾತ್ರ ಇಲ್ಲ ಅಕ್ಕಾ," ಎಂದೆ.