ನೀರು ನಿಲ್ಲಿಸುವ ಕೈ

ಗದ್ದೆಯಲ್ಲಿ ನೀರು ನಿಲ್ಲಿಸುವುದರಲ್ಲಿ ಬೆಳ್ಳಮ್ಮನದು ಎತ್ತಿದ ಕೈ. ಅರಳಸುರಳಿ ಕಡೆಯ ಆ ಊರಿನಲ್ಲಿ ಯಾರ ಗದ್ದೆಯ ಅಂಚು ಸೋರಿದರೂ ಅವಳಿಗೇ ಕರೆ ಬರುತ್ತಿತ್ತು. ಒಂದು ಹೆಂಟೆ ಮಣ್ಣು ಒತ್ತಿ ಅಂಗೈಯಿಂದ ಸವರಿದಳೆಂದರೆ ಮುಗಿಯಿತು, ಮತ್ತೆ ಹನಿ ಜಿನುಗುತ್ತಿರಲಿಲ್ಲ. ಹೊಗಳಿದರೆ ಅವಳಿಗೇನೂ ಬೇಸರವಿರಲಿಲ್ಲ ಅನ್ನಿ.

ನಾಟಿಗೆ ಆಳು ಸಿಗದೆ ಭತ್ತ ನಿಂತುಹೋಯಿತು. ತಗ್ಗಿನ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಡೋಣವೆಂದ ಮಗ ಶಿವು. ಬೆಳ್ಳಮ್ಮನಿಗೆ ಸಂಕಟವಾಯಿತು. ಮದುವೆಯಾಗಿ ಬಂದ ಮಳೆಗಾಲದಿಂದ ಅವಳು ಇಳಿದ ಗದ್ದೆ ಅದು, ಗದ್ದೆಯಾಗಿಯೇ ಇರಬೇಕು. ಮೆಕ್ಕೆಜೋಳ ಹಾಕುತ್ತೇನೆಂದು ಹಟ ಹಿಡಿದಳು. ಒಂದು ಮಳೆಗಾಲ ನೋಡುವುದು, ಕೊಳೆತರೆ ಅಡಿಕೆ ಎಂದು ಮಾತಾಯಿತು.

ಸೊಸೆ ಸ್ವಾತಿ ಸಾಗರ ತಾಲ್ಲೂಕಿನ ಆನಂದಪುರದ ಕಡೆಯವಳು, ಜೋಳದ ನಡುವೆಯೇ ಬೆಳೆದವಳು. ಅವಳು ಹೇಳಿದಂತೆ ಎತ್ತರದ ಏರಿ ಮಾಡಿ, ಮಳೆಗೆ ಮೊದಲೇ ಅದರ ಮೇಲೆ ಬೀಜ ಊರಿದರು. ಏರಿಗಳ ನಡುವಿನ ನೀರು ಹಳ್ಳಕ್ಕೆ ಹೋಗಲೆಂದು ಅಂಚಿನಲ್ಲಿ ಕಂಡಿ ಬಿಟ್ಟರು.

"ಜೋಳದ ಬೇರಿಗೆ ಗಾಳಿ ಬೇಕು ಅತ್ತೆ. ನೀರು ನಿಂತ್ರೆ ಉಸಿರು ಕಟ್ಟತ್ತೆ," ಎಂದಳು ಸ್ವಾತಿ.

"ನಂಗೆ ಅಷ್ಟೂ ಗೊತ್ತಾಗಲ್ವಾ?"

ಬೆಳ್ಳಮ್ಮನಿಗೆ ಗೊತ್ತಾಗಿತ್ತು. ಅವಳ ಕೈಗೆ ಗೊತ್ತಾಗಿರಲಿಲ್ಲ, ಅಷ್ಟೆ.

ಜೋಳ ಮೊಣಕಾಲುದ್ದ ಬಂದಾಗ ಮಳೆ ಹಿಡಿಯಿತು. ಆಮೇಲೆ ಎರಡು ದಿನ ಯಾರೂ ಅತ್ತ ಹೋಗಲಿಲ್ಲ. ಹೋಗಿ ನೋಡಿದರೆ ಏರಿಗಳು ಮುಳುಗಿ, ಕೆಳಗಿನ ಎಲೆಗಳು ಹಳದಿಯಾಗಿದ್ದವು. ಕಂಡಿ ಮುಚ್ಚಿತ್ತು.

"ಯಾರ ಕೆಲ್ಸ ಇದು?" ಎಂದ ಶಿವು.

ಬೆಳ್ಳಮ್ಮ ಬಗ್ಗಿ ನೋಡಿದಳು. ಅಷ್ಟು ಮಳೆಗೂ ಒಂದು ಹನಿ ಜಿನುಗಿರಲಿಲ್ಲ. ಊರಲ್ಲಿ ಹಾಗೆ ಮುಚ್ಚಬಲ್ಲವರು ಒಬ್ಬರೇ. ಮಳೆ ಶುರುವಾದ ಸಂಜೆ ದನ ಹೊಡೆದುಕೊಂಡು ಬರುವಾಗ, ನೀರು ಸುಮ್ಮನೆ ಹರಿದು ಹೋಗುತ್ತಿದೆಯಲ್ಲ ಎಂದು ಬಗ್ಗಿದ್ದು ಆಗ ನೆನಪಾಯಿತು.

"ನಂದೇ," ಎಂದಳು.

"ಸರಿ ಬಿಡು. ಅಡಿಕೆ ಸಸಿ ನೋಡ್ತೀನಿ."

ಸ್ವಾತಿ ಒಂದು ಗಿಡ ಕಿತ್ತು ನೋಡಿದಳು. ತಳದ ಬೇರು ಕಪ್ಪಾಗಿ ನಾರುತ್ತಿತ್ತು. ಮೇಲಿನ ಗಿಣ್ಣಿನಲ್ಲಿ ಬೆಳ್ಳಗೆ ಹೊಸ ಬೇರು ಇಣುಕಿತ್ತು.

"ಇವು ಬದುಕಕ್ಕೆ ನೋಡ್ತಿದಾವೆ. ನೀರು ಇಳಿದ್ಮೇಲೆ ಮಣ್ಣೇರಿಸಿ, ಚೂರು ಯೂರಿಯಾ ಕೊಡಣ."

ಬೆಳ್ಳಮ್ಮ ಕಂಡಿಗೆ ಒತ್ತಿದ್ದ ಮಣ್ಣನ್ನು ಕೈಯಿಂದಲೇ ಕಿತ್ತಳು. ಮಣ್ಣು ಕಾಲಿಗೆ ಅಂಟದಷ್ಟು ಆರಿದ ಮೇಲೆ ಬುಡಬುಡಕ್ಕೂ ತಾನೇ ಮಣ್ಣೇರಿಸಿದಳು, ಯಾರನ್ನೂ ಹತ್ತಿರ ಬಿಡಲಿಲ್ಲ. ತನ್ನ ಮೇಲೇ ಅವಳಿಗೆ ಅಷ್ಟು ಸಿಟ್ಟು. ಹಳ್ಳದ ಪಕ್ಕದ ಸಾಲುಗಳು ಹೋದವು. ಉಳಿದವು ನಿಧಾನಕ್ಕೆ ಹಸಿರಾದವು.

ಶ್ರಾವಣದಲ್ಲಿ ಮತ್ತೆ ಜೋರು ಮಳೆ. ಶಿವು ಗದ್ದೆಗೆ ಓಡಿದರೆ ಅಮ್ಮ ಆಗಲೇ ಅಂಚಿನ ಮೇಲೆ ನಿಂತಿದ್ದಳು, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು. ಕಂಡಿಯಲ್ಲಿ ಕೆಂಪು ನೀರು ನುಗ್ಗುತ್ತಿತ್ತು.

"ಇಲ್ಲಿ ಎಂತ ಮಾಡ್ತಿದ್ಯಾ?"

"ಏನೂ ಮಾಡ್ತಿಲ್ಲ. ಅದೇ ಕಷ್ಟ."

ಶಿವು ಕಂಡಿಗೆ ಕಾಲಿಟ್ಟು ಆಳ ನೋಡಿದ. "ಬರೋ ವರ್ಷ ಈ ಕಂಡಿ ಇನ್ನೊಂದು ಗೇಣು ಆಳ ತೆಗೀಬೇಕು," ಎಂದ.

ಬರೋ ವರ್ಷ ಎಂದದ್ದು ಬೆಳ್ಳಮ್ಮನ ಕಿವಿಗೆ ಬಿತ್ತು. ಆದರೂ ಅವಳು ಸೆರಗಿನಿಂದ ಕೈ ಹೊರಗೆ ತೆಗೆಯಲಿಲ್ಲ.