ಶ್ರೀಪಾದನ ಮನೆಯ ಜೋಕಾಲಿ

ಕೋವಿಡ್ ಗದ್ದಲ ಅಡಗಿದ ಮರುವರ್ಷ. ಸರ್ಕಾರಿ ಕೆಲಸದಿಂದ ನಿವೃತ್ತನಾದ ಸಿವಿಲ್ ಎಂಜಿನಿಯರ್ ನಾನು, ರಾಮದುರ್ಗದಲ್ಲಿ ನಾಲ್ಕು ಬಾಡಿಗೆ ಮನೆಗಳ ಮಾಲೀಕನಾಗಿದ್ದೆ. ಪಕ್ಕದ ಕಂಪೌಂಡಿನಲ್ಲಿ ನನ್ನ ಚಿಕ್ಕಪ್ಪನ ಮಗ ಶ್ರೀಪಾದನದೂ ನಾಲ್ಕು ಮನೆ. ನಮ್ಮಜ್ಜ ಪಂಚಾಂಗ ನಂಬಿ ಬದುಕಿದವರು, ನಾವು ಬಾಡಿಗೆ ನಂಬಿದವರು. ಅವನ ಮನೆ ಖಾಲಿಯಾದರೆ ಅಂದೇ ತುಂಬುತ್ತಿತ್ತು. ನನ್ನದರಲ್ಲಿ ಸದಾ ಒಂದಕ್ಕೆ ಬೀಗ.

ಇದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟು ಏನು ಮಾಡಲಿ? ವರ್ಷಕ್ಕೊಮ್ಮೆ ವೈರಿಂಗ್ ತಪಾಸಣೆ, ಮಾಳಿಗೆಗೆ ಎದೆಮಟ್ಟದ ಪ್ಯಾರಾಪೆಟ್ ಗೋಡೆ, ಕಟ್ಟಡಕ್ಕೆ ವಿಮೆ, ವಕೀಲರು ಬರೆದ ಕರಾರು, ಎಲ್ಲವೂ ನನ್ನಲ್ಲಿತ್ತು. ಕಟ್ಟಡದ ದೋಷದಿಂದ ಬಾಡಿಗೆಯವರಿಗೆ ಏಟಾದರೆ ಮಾಲೀಕನ ತಲೆಗೆ ಬರುವ ಹೊಣೆಯನ್ನು ಲಯಬಿಲಿಟಿ ಎನ್ನುತ್ತಾರೆ. ಅದರ ಭಯ ನನಗೆ ದೇವರ ಭಯಕ್ಕಿಂತ ದೊಡ್ಡದು. ಶ್ರೀಪಾದನಿಗೆ ಕರಾರೂ ಇಲ್ಲ, ಭಯವೂ ಇಲ್ಲ. "ನಿಮ್ಮ ಮನಿ ಅನಕೊಂಡ ಇರ್ರಿ ಅಕ್ಕಾರ" ಎನ್ನುತ್ತಿದ್ದ. ಜನ ಹಾಗೇ ಇರುತ್ತಿದ್ದರು.

ಆ ಶ್ರಾವಣದಲ್ಲಿ ನನ್ನ ಮನೆಯಲ್ಲಿದ್ದ ಟೇಲರ್ ಕಸ್ತೂರಿ, ಪಂಚಮಿಗೆ ಜೋಕಾಲಿ ಕಟ್ಟಲು ಅನುಮತಿ ಕೇಳಿದಳು. ನಮ್ಮ ಕಡೆ ನಾಗರಪಂಚಮಿ ಅಂದರೆ ಹೆಣ್ಣುಮಕ್ಕಳು ಉಂಡಿ ತಿಂದು ಜೋಕಾಲಿ ಜೀಕುವ ಹಬ್ಬ. ಓಣಿಯಲ್ಲಿ ಮರ ಉಳಿದಿಲ್ಲ, ಹೀಗಾಗಿ ಹಗ್ಗ ಮನೆಗೇ ಬರುತ್ತದೆ. ಕರಾರಿನಲ್ಲಿಲ್ಲ ಎಂದೆ.

"ಪಂಚಮಿಗೆ ಜೋಕಾಲಿ ಇಲ್ಲಂದ್ರ ಅದೆಂಥಾ ಮನಿರೀ ಕಾಕಾ?" ಎಂದವಳು ವಾರದೊಳಗೆ ಗಂಟುಮೂಟೆ ಕಟ್ಟಿ ಶ್ರೀಪಾದನ ಮನೆ ಸೇರಿದಳು. ನನಗೆ ಎರಡು ದಿನ ಊಟ ರುಚಿಸಲಿಲ್ಲ.

ಹಬ್ಬದ ಹಿಂದಿನ ದಿನ ಶ್ರೀಪಾದನ ಪೋರ್ಚಿನ ತೊಲೆಗೆ ಜೋಕಾಲಿ ಕಟ್ಟಿದರು. ನೋಡಲಾರೆ ಎಂದುಕೊಂಡೇ ನೋಡಲು ಹೋದೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಬಿರುಕು ಬೇಗ ಕಾಣುತ್ತದೆ. ಅದು ಕ್ಯಾಂಟಿಲಿವರ್ ತೊಲೆ, ಅಂದರೆ ಒಂದು ತುದಿಯನ್ನು ಮಾತ್ರ ಗೋಡೆ ಹಿಡಿದಿರುತ್ತದೆ, ಇನ್ನೊಂದು ತುದಿಗೆ ಕಂಬವಿಲ್ಲ. ತೊಲೆ ಗೋಡೆ ಸೇರುವಲ್ಲಿ ಕೂದಲೆಳೆಯ ಸೀಳು, ಅದರಿಂದ ತುಕ್ಕಿನ ನೀರು ಇಳಿದ ಕೆಂಪು ಗೆರೆ. ಒಳಗಿನ ಕಬ್ಬಿಣದ ಸರಳನ್ನು ತುಕ್ಕು ತಿಂದಿತ್ತು.

"ಶ್ರೀಪಾದ, ಇದು ಬೀಳ್ತದ" ಎಂದೆ.

ಅವನು ನಕ್ಕ. ಕಸ್ತೂರಿ ಉಂಡಿಯ ತಾಟು ಹಿಡಿದೇ, "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತರೀ ಕಾಕಾ" ಎಂದಳು. ಹೆಂಗಸರೆಲ್ಲ ಗೊಳ್ಳೆಂದರು.

ಬೀಳಲಿ, ಆಗ ಗೊತ್ತಾಗ್ತದೆ ಎಂದು ಹಲ್ಲು ಕಡಿಯುತ್ತ ಮನೆಗೆ ಬಂದೆ. ಒಳಗೆ ನನ್ನ ಹೆಂಡತಿ ಹೊಸ ಇಳಕಲ್ ಸೀರೆಯ ನಿರಿಗೆ ಹಿಡಿಯುತ್ತಿದ್ದಳು. "ಶ್ರೀಪಾದನ ಮನ್ಯಾಗ ಜೋಕಾಲಿ ಕಟ್ಯಾರ, ಒಂದೆರಡು ಜೀಕು ಆಡಿ ಬರತೇನ್ರಿ" ಎಂದಳು. ಅವಳನ್ನು ಅಲ್ಲೇ ತಡೆದು, ಬಂದ ದಾರಿಯಲ್ಲೇ ಓಡಿ ಶ್ರೀಪಾದನನ್ನು ಹಿಡಿದೆ.

"ಹಗ್ಗ ಕಟ್ಟಿದವರು ಅವರು, ಆದ್ರ ಮನಿ ನಿಂದು. ಬಿದ್ದರ ಹೊಣಿನೂ ನಿಂದ. ನನ್ನ ಮಾತು ನಂಬಬ್ಯಾಡ, ಉಸುಕಿನ ಚೀಲ ಕೂಡಿಸಿ ನೋಡು."

ನನ್ನ ಮುಖದಲ್ಲಿ ಏನು ಕಂಡನೋ, ಶ್ರೀಪಾದ ಉಸುಕು ತುಂಬಲು ಚೀಲ ತಂದ. ಹೆಂಗಸರನ್ನು ರಸ್ತೆಗೆ ಕಳಿಸಿದೆವು. ಇಬ್ಬರು ಕೂತು ಜೀಕಿದರೆ ತೊಲೆಗೆ ಬೀಳುವ ಭಾರ ಅವರ ತೂಕಕ್ಕಿಂತ ಎಷ್ಟೋ ಹೆಚ್ಚು, ಅದಕ್ಕೆ ತಕ್ಕಂತೆ ಚೀಲ ಬಿಗಿದು, ಉದ್ದನೆಯ ಹಗ್ಗ ಕಟ್ಟಿ ಗೇಟಿನಾಚೆಯಿಂದ ಜಗ್ಗಿ ಬಿಟ್ಟೆವು. ಎರಡು ಸಲ ಜೋಕಾಲಿ ಚೆಂದಾಗಿ ತೂಗಿತು. ಕಸ್ತೂರಿ ನನ್ನತ್ತ ನೋಡಿದಳು. ಮೂರನೆಯ ಸಲಕ್ಕೆ ತೊಲೆ, ಮೇಲಿನ ಸ್ಲ್ಯಾಬಿನ ಸಮೇತ ಧಡ್ ಅಂತ ಅಂಗಳಕ್ಕೆ ಬಿತ್ತು.

ನಾನು ಬೆನ್ನು ನೆಟ್ಟಗೆ ಮಾಡಿ ನಿಂತೆ. ಈಗಲಾದರೂ ನನ್ನ ಬೆಲೆ ಗೊತ್ತಾಯಿತಲ್ಲ! ಆದರೆ ಸಂಜೆಯ ಹೊತ್ತಿಗೆ ಓಣಿಯ ಬಾಯಲ್ಲಿ ಒಂದೇ ಮಾತು: "ಎಂಥಾ ಮಾಲಕರು ನೋಡ್ರಿ ಶ್ರೀಪಾದಣ್ಣಾರು, ಹೆಣ್ಮಕ್ಕಳು ಕೂಡೂಕಿಂತ ಮೊದ್ಲ ಚೀಲ ಕಟ್ಟಿ ನೋಡಿದ್ರು!" ಆ ತಿಂಗಳೇ ಶ್ರೀಪಾದನ ಮನೆ ಕೇಳಿಕೊಂಡು ಪಕ್ಕದೂರು ಕಟಕೋಳದಿಂದಲೂ ಜನ ಬಂದರು.

ತಡೆಯಲಾರದೆ ಅವನನ್ನು ಹಿಡಿದು ಕೇಳಿದೆ: "ಚೀಲದ ವಿಚಾರ ಯಾರದು ಅಂತ ಒಬ್ಬರಿಗರ ಹೇಳಿದಿ ಏನು?"

ಅವನು ಪಾಪ, ಕೈ ಮುಗಿದ. "ಎಲ್ಲಾರಿಗೂ ನಿನ್ನ ಹೆಸರ ಹೇಳೀನೋ ಅಣ್ಣಾ. ಯಾರೂ ನಂಬವಲ್ರು."

ಮನೆಗೆ ವಿಮೆ ಇದೆ, ಬಾಡಿಗೆಗೆ ಕರಾರಿದೆ. ಮಾಲೀಕನ ಮೇಲೆ ಜನರಿಗಿರುವ ನಂಬಿಕೆಯನ್ನು ಯಾವ ವಕೀಲನೂ ಬರೆದುಕೊಡುವುದಿಲ್ಲ ಎಂದು ಈ ಕಸುಬು ನನಗೆ ಕಲಿಸಿತು. ಈಗ ಪ್ರತಿ ಪಂಚಮಿಗೆ ನನ್ನ ಅಂಗಳದಲ್ಲಿ ಕಬ್ಬಿಣದ ಚೌಕಟ್ಟಿನ ಜೋಕಾಲಿ ನಿಲ್ಲಿಸುತ್ತೇನೆ, ಲೆಕ್ಕ ಹಾಕಿ ನಾನೇ ಮಾಡಿಸಿದ್ದು, ಆನೆ ಕೂತರೂ ಅಲುಗದು. ಹೆಣ್ಣುಮಕ್ಕಳು ಬರುತ್ತಾರೆ. ಕೂಡುವ ಮೊದಲು ಮಾತ್ರ ಕಂಪೌಂಡಿನಾಚೆ ಕೂಗಿ ಕೇಳುತ್ತಾರೆ: "ಶ್ರೀಪಾದಣ್ಣಾರ, ಇದರಾಗ ಕುಂತರ ನಡೀತದೇನ್ರಿ?"