ಮಾಮಿಯ ಮೂಂಜೂರು

ಮದರಾಸಿಗೆ ಬಂದ ಹೊಸತು, ಐವತ್ತರ ದಶಕದ ಕೊನೆ. ಗಂಡನಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ. ಕೀಲ್ಪಾಕಿನಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತ್ತು. ನಾನು ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗೋಣವೆಂದರೆ ಅಮ್ಮ ತೀರಿಕೊಂಡಿದ್ದಳು, ಅತ್ತೆಯೂ ಇರಲಿಲ್ಲ. ಹೆತ್ತ ಮೇಲೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಅನ್ನ ಬಸಿಯುವಾಗಲೂ ಬಿಡುತ್ತಿರಲಿಲ್ಲ.

ಮನೆಯ ಯಜಮಾನಿ ಒಬ್ಬ ತಮಿಳು ಮಾಮಿ, ಮುಂಭಾಗದಲ್ಲಿದ್ದರು. ಮಾತು ಕಡಿಮೆ, ನೋಟ ಜಾಸ್ತಿ. ನನ್ನ ತಮಿಳೋ ಅರ್ಧಂಬರ್ಧ. ಅವರ ಕಣ್ಣಿಗೆ ಬೀಳದೆ ದಿನ ಕಳೆದರೆ ಸಾಕಪ್ಪಾ ಅನ್ನಿಸುತ್ತಿತ್ತು.

ಅಡುಗೆಮನೆಯ ಗೋಡೆಯಂಚಿಗೆ ಒಂದು ಸೊಂಡಿಲಿ ಚಿಕ್ ಚಿಕ್ ಎನ್ನುತ್ತ ಓಡಾಡುತ್ತಿತ್ತು. ಅದರ ಗಬ್ಬು ನಾತ, ಅದೂ ಬಸುರಿಯ ಮೂಗಿಗೆ, ಕೇಳಬೇಕೇ! ನಮ್ಮೂರಲ್ಲಿ ಇಲಿಯೂ ಒಂದೇ, ಸೊಂಡಿಲಿಯೂ ಒಂದೇ. ಚೌತಿಯ ದಿನ ಗಣಪತಿಯ ವಾಹನವೆಂದು ಕೈಮುಗಿದು ಮರುದಿನ ಬೋನು ಇಡುವ ಜನ ನಾವು. ನಾನು ಅಷ್ಟೂ ಕಾಯದೆ ಹಬ್ಬದ ಹಿಂದಿನ ದಿನವೇ ಕೊಬ್ಬರಿ ಸಿಕ್ಕಿಸಿ ಇಟ್ಟೆ. ಬೆಳಿಗ್ಗೆ ಸೊಂಡಿಲಿ ಒಳಗಿತ್ತು. ಕೊಬ್ಬರಿ ಮುಟ್ಟಿರಲಿಲ್ಲ, ಅದಕ್ಕೆ ಮುತ್ತಿದ್ದ ಜಿರಳೆಗಳ ರೆಕ್ಕೆ, ಕಾಲು ಮಾತ್ರ ಉಳಿದಿದ್ದವು. ಜಿರಳೆ ತಿಂದು ಉಪಕಾರ ಮಾಡುತ್ತಿದ್ದದ್ದನ್ನೇ ಹಿಡಿದು ಹಾಕಿದ್ದೆ.

ಅಷ್ಟರಲ್ಲಿ ಹಬ್ಬದ ಕಡುಬು ಹಿಡಿದು ಬಂದ ಮಾಮಿ ಬೋನು ನೋಡಿ ನಿಂತುಬಿಟ್ಟರು. ಮೂಂಜೂರು, ಎಂದರು. ಅವರ ಕಡೆ ಪಿಳ್ಳೆಯಾರ್, ಅಂದರೆ ಗಣಪತಿ, ಸವಾರಿ ಮಾಡುವುದು ಈ ಸೊಂಡಿಲಿಯ ಮೇಲೆಯೇ. ಈ ಮನೆಯೂ ಹೋಯಿತು, ಇನ್ನು ಬೀದಿಯಲ್ಲೇ ಹೆರಬೇಕು ಎಂದುಕೊಂಡೆ.

ಮಾಮಿ ಬೈಯಲಿಲ್ಲ. ಬೋನೆತ್ತಿ ನೋಡಿ, ಇದು ಹಾಲೂಡುವ ತಾಯಿ, ಮರಿಗಳು ಇಲ್ಲೇ ಎಲ್ಲೋ ಇರಬೇಕು ಎಂದು ಮೆಲ್ಲಗೆ ಬಿಟ್ಟರು. ಅದು ಒರಳಿನ ಹಿಂದೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಹೊರಬಂತು ನೋಡಿ, ತಾಯಿಯ ಬಾಲದ ಬುಡ ಕಚ್ಚಿ ಒಂದು ಮರಿ, ಅದರ ಬಾಲದ ಬುಡ ಕಚ್ಚಿ ಇನ್ನೊಂದು, ರೈಲಿನ ಡಬ್ಬಿಗಳ ಹಾಗೆ ಸಾಲಾಗಿ ಗೋಡೆಗುಂಟ ಹೊರಟವು. ಕಣ್ಣು ಸರಿಯಾಗಿ ಕಾಣದ ಪ್ರಾಣಿ, ಒಂದನ್ನೂ ಬಿಡದೆ ಕರೆದೊಯ್ದಿತು. ಅಮ್ಮನ ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ.

ಹೆರಿಗೆಗೆ ಎಲ್ಲಿಗೆ ಹೋಗುತ್ತೀ ಎಂದು ಮಾಮಿ ಕೇಳಿದರು. ನನಗೆ ಯಾರೂ ಇಲ್ಲ ಎಂದೆ, ತಡವರಿಸುತ್ತ.

"ನಾನಿದ್ದೀನಲ್ಲ, ಇಲ್ಲೇ ಇರು," ಎಂದರು.

ಇದ್ದೆ. ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು ಬಾಣಂತನ ಮಾಡಿದ್ದು ಅವರೇ. ಆ ಋಣ ನನ್ನ ಜನ್ಮಕ್ಕೆ ತೀರುವುದಲ್ಲ. ಬೋನನ್ನು ಮತ್ತೆ ಇಡಲಿಲ್ಲ, ನಾತವೂ ಒಗ್ಗಿಹೋಯಿತು. ನಡೆಯಲು ಕಲಿತ ಮೇಲೆ ಮಗಳು ಮಾಮಿಯ ಸೆರಗು ಹಿಡಿದುಕೊಂಡೇ ಮನೆಯೆಲ್ಲ ಸುತ್ತುತ್ತಿದ್ದಳು, ಅವಳ ಹಿಂದೆ ನಾನು.